ಲಾವುಗೆಯ ಬೇಟೆಗೊಂದು ಬಂಗಲೆ

ಕಳೆದ ಕಾರ್ತಿಕದಲ್ಲಿ ಅಮೆರಿಕದ ಜಾರ್ಜಿಯಾದಿಂದ ನನ್ನ ಸೋದರಳಿಯನ ಪತ್ರ ಬಂದಿತು. ಎಳ್ಳಮಾವಾಸ್ಯೆಯ ಹೊತ್ತಿಗೆ ಹೆಂಡತಿ ಮಕ್ಕಳೊಡನೆ ಮಹಾಲಿಂಗಪುರಕ್ಕೆ ಬರುವೆನೆಂದೂ, ಮನೆಮಂದಿಯೆಲ್ಲ ನಾಲ್ಕು ದಿನ ತಂಗಿ ಲಾವುಗೆಯ ಬೇಟೆಯಾಡಲು ಅನುಕೂಲವಾದ ಬಂಗಲೆಯೊಂದನ್ನು ನಾನು ಆರಿಸಿಡಬೇಕೆಂದೂ ಬರೆದಿದ್ದ. ಅವನಿರುವ ಸೀಮೆಯ ದಕ್ಷಿಣಕ್ಕೆ ಥಾಮಸ್‌ವಿಲ್ ಎಂಬ ಊರಿದೆ. ಅದರ ಸುತ್ತಣ ಪೈನ್ ಮರಗಳ ಕಾಡಿನಲ್ಲಿ ಲಾವುಗೆಯ ಬೇಟೆಗೆಂದೇ ಕಟ್ಟಿದ ಬಂಗಲೆಗಳುಂಟು. ಪಾಯಿಂಟರ್ ಜಾತಿಯ ನಾಯಿ ವಾಸನೆ ಹಿಡಿದು ಕಲ್ಲಿನಂತೆ ನಿಲ್ಲುತ್ತದೆ, ಹಕ್ಕಿ ಏಳುತ್ತದೆ, ಕೋವಿ ಸಿಡಿಯುತ್ತದೆ. “ಅಜ್ಜ ಲಾವುಗೆ ಹಿಡಿಯುವುದರಲ್ಲಿ ನಿಸ್ಸೀಮರಂತಲ್ಲ, ಮಾಮಾ, ಮಕ್ಕಳು ಅವರಿಂದಲೇ ಕಲಿಯಲಿ” ಎಂಬುದು ಪತ್ರದ ಕೊನೆಯ ಸಾಲು.

ಆರಿಸಬೇಕಾದರೆ ಎರಡಾದರೂ ಇರಬೇಕಲ್ಲವೆ? ನಮ್ಮಲ್ಲಿ ಒಂದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿ, ಇವೆರಡೂ ಸೇರಿ ವಿನೋದದ ಬೇಟೆಗೆ ಬಾಗಿಲು ಮುಚ್ಚಿವೆ. ಹೊಲದ ಬದುವಿನ ಲಾವುಗೆಯೂ ಆ ಬಾಗಿಲ ಒಳಗೇ ಇದೆ. ಕಬಿನಿಯ ದಂಡೆಯ ಕಾರಾಪುರದಲ್ಲಿ ಮೈಸೂರು ಅರಸರ ಕಾಲದ ಬೇಟೆಯ ಬಂಗಲೆಯೇನೋ ಇದೆ. ಈಗ ಅದು ಪ್ರವಾಸಿಗರ ವಸತಿ. ಆನೆಗಳನ್ನು ದೂರದಿಂದ ನೋಡಿ ಬರಬಹುದು. ಆದರೆ ಎಪ್ಪತ್ತೆಂಟು ವರ್ಷದ ನಮ್ಮ ತಂದೆಯವರನ್ನು ನಾಡಿನ ಆ ತುದಿಗೆ ಒಯ್ಯುವುದು ಹೇಗೆ?

ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬಾರದ ಪಾಂಡಿತ್ಯ ನೆನಪಾಗುವುದು ಅಧ್ಯಾಪಕರ ರೋಗ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದೊಳಗೆ ಅರಸನ ವಿನೋದಗಳ ವರ್ಣನೆಯಿದೆ. ಆನೆ, ಕುದುರೆ, ಮಲ್ಲರ ಸಾಲಿನಲ್ಲಿ ಲಾವುಗೆಗಳ ಕಾಳಗಕ್ಕೂ ಅಲ್ಲಿ ಸ್ಥಾನ ದೊರೆತಿದೆ. ಮುಂದೆ ನಮ್ಮೂರು ಮುಧೋಳದ ಘೋರ್ಪಡೆಯವರ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು, ನಾಯಿಗಳು ಉಳಿದವು. 2005ರಲ್ಲಿ ಮುಧೋಳದ ನಾಯಿಗೆ ಅಂಚೆಚೀಟಿಯ ಗೌರವವೂ ಸಂದಿತು. ಆದರೆ ಅದು ಕಣ್ಣಿನಿಂದ ಕಂಡು ಮೊಲದ ಬೆನ್ನುಹತ್ತುವ ಜಾತಿ. ಪೊದೆಯಲ್ಲಿ ಅಡಗಿದ ಲಾವುಗೆಗೆ ಬೇಕಾದದ್ದು ಮೂಗು. ಅಳಿಯನ ಬೇಟೆಗೆ ನಮ್ಮ ನಾಡಿನ ನಾಯಿಯೂ ಒದಗಲಿಲ್ಲ!

ಪತ್ರವನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಮೊದಲು ನಕ್ಕರು.

“ಯಾರ್ ಹೇಳ್ಯಾರೋ ಅವಗ, ನಾ ಬ್ಯಾಟಿ ಆಡತಿದ್ದೆ ಅಂತ? ಹೊಟ್ಟಿಗಿ ಇರಲಿಲ್ಲೋ ತಮ್ಮಾ, ಅದಕ ಹಿಡೀತಿದ್ದೆ.”

ಹಿಡಿಯುವ ಬಗೆಯನ್ನು ಮಾತ್ರ ವಿವರವಾಗಿ ಹೇಳಿದರು. ಲಾವುಗೆಗಳಲ್ಲಿ ಮೂರೇ ಬೆರಳಿನದೊಂದು ಬಗೆಯುಂಟು, ಅದಕ್ಕೆ ಹಿಂಬೆರಳಿಲ್ಲ. ಅದರ ಸಂಸಾರ ಲೋಕಕ್ಕೆ ವಿರುದ್ಧ. ಹೆಣ್ಣೇ ದೊಡ್ಡದು, ಹೆಣ್ಣಿಗೇ ಬಣ್ಣ. ಕೂಗಿ ಕಾಳಗಕ್ಕೆ ಕರೆಯುವುದೂ ಹೆಣ್ಣೇ. ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವುದು ಗಂಡಿನ ಪಾಲು. (ಇಲ್ಲಿಗೆ ಬಂದಾಗ ಅಡಿಗೆಮನೆಯಲ್ಲಿ ನನ್ನವಳು ನಕ್ಕದ್ದು ಕೇಳಿಸಿತು.) ಸಾಕಿದ ಹೆಣ್ಣನ್ನು ಪಂಜರದಲ್ಲಿಟ್ಟು ಸುತ್ತ ಉರುಲು ಹೂಡಿದರೆ ಸಾಕು; ಅದರ ಕೂಗಿಗೆ ಕೆರಳಿ ಹೊಲದ ಹೆಣ್ಣು ಜಗಳಕ್ಕೆ ಬಂದು ಕಾಲು ಸಿಕ್ಕಿಸಿಕೊಳ್ಳುತ್ತದೆ.

ಕಾಯಿದೆ ಬಂದ 1972 ನಮ್ಮ ಸೀಮೆಯವರ ನೆನಪಿನಲ್ಲಿ ಉಳಿದಿರುವುದು ಬರದ ವರ್ಷವೆಂದು. ಕೆರೆ ಬತ್ತಿದಂತೆ ಹೊಲದ ಹಕ್ಕಿಗಳೂ ಕಾಣದಾದವಂತೆ. “ಕಡೀಕ ಪಂಜರದಾಗಿನದನ್ನೂ ಕೊಯ್ದೆ. ಮೂರ ವರ್ಷ ಸಾಕಿದ ಹಕ್ಕಿ. ನಿಮ್ಮ ಅಕ್ಕಗ ಆಗ ನಾಕ ವರ್ಷ, ಹಸದ ಅಳತಿದ್ಳು.” ಆ ಅಕ್ಕನ ಮಗನೇ ಪತ್ರ ಬರೆದವನು. ಈ ಸಂಗತಿಯನ್ನು ನಾನು ಉತ್ತರದಲ್ಲಿ ಬರೆಯಲಿಲ್ಲ. ಅಕ್ಕನಿಗೂ ಇದು ತಿಳಿದಿರಲಾರದು.

ಇನ್ನು ಬಂಗಲೆಯ ಮಾತು. ನಮ್ಮ ಸ್ವಂತ ಹೊಲ ಕಾಲುವೆಯ ನೀರಿನದು, ಕಬ್ಬು ನಿಂತಿದೆ. ನಮ್ಮೂರು ಬೆಲ್ಲದ ಪೇಟೆಯಾಗಿ ಹೆಸರಾದುದರಲ್ಲಿ ಆ ಕಬ್ಬಿನದೂ ಪಾಲಿದೆ, ದೂರುವಂತಿಲ್ಲ. ಆದರೆ ಕೂಳೆಯ ನಡುವೆ ಕಾಳು ಹೆಕ್ಕುವ ಹಕ್ಕಿಗೆ ಆ ದಟ್ಟಣೆಯಲ್ಲಿ ಏನಿದೆ? ಹೊಲದಲ್ಲಿ ಲಾವುಗೆಯ ದನಿ ಕೇಳಿ ಎಷ್ಟೋ ವರ್ಷಗಳಾದುವೆಂದು ತಂದೆಯವರು ಹೇಳುತ್ತಾರೆ. ಆದ್ದರಿಂದ ಬೀಳಗಿಯ ಕಡೆಗೆ, ಚಿಂಕಾರಗಳಿಗಾಗಿ 2016ರಲ್ಲಿ ಧಾಮವೆಂದು ಘೋಷಿತವಾದ ಯಡಹಳ್ಳಿಯ ಅಡವಿಯಾಚೆಗೆ, ಮಳೆಯನ್ನೇ ನಂಬಿ ಜೋಳ ಬೆಳೆಯುವ ಬೀಗರ ಹೊಲದ ಮನೆಯನ್ನು ಗೊತ್ತುಮಾಡಿದೆ. ತಗಡಿನ ಮಾಡು, ಎರಡು ಹೊರಸು, ಅಂಗಳದಲ್ಲಿ ಬೇವಿನ ಮರ. “ಕೋವಿ ಇಲ್ಲ, ಸೀತನಿ ಉಂಟು” ಎಂದು ಅಳಿಯನಿಗೆ ಬರೆದೆ.

ಅಮಾವಾಸ್ಯೆಯ ದಿನ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆಗಳ ಊಟ ಮುಗಿಸಿ ಬದುವಿನ ಮೇಲೆ ಹೊರಟೆವು. ತಂದೆಯವರು ಕೋಲೂರಿಕೊಂಡು ಮುಂದೆ, ಹುಡುಗ ಅವರ ಕೈ ಹಿಡಿದು. ಕೋಲಿನ ತುದಿಯ ಹತ್ತಿರದಿಂದಲೇ ಬುರ್ರೆಂದು ಏನೋ ಎದ್ದು ಜೋಳದ ತೆನೆಗಳ ಮೇಲೆ ತೇಲಿ ಆಚೆ ಬಿದ್ದಿತು.

“ಎಷ್ಟ ಎದ್ದೂವೋ?” ಎಂದರು, ಅವರ ಕಣ್ಣು ಮಂಜು.

“ಎರಡು, ಅಜ್ಜಾ. ಹಿಡಿಯೋದು ಹೆಂಗ?”

“ಎರಡಽ?” ಎಂದು ಮತ್ತೊಮ್ಮೆ ಕೇಳಿ, ಅಲ್ಲಿಯೇ ಬದುವಿನ ಮೇಲೆ ಕುಳಿತುಬಿಟ್ಟರು. ಹುಡುಗನನ್ನೂ ಎಳೆದು ಪಕ್ಕದಲ್ಲಿ ಕೂಡಿಸಿಕೊಂಡರು.