ಕಾಸು ಬೇಡ, ಕಿವಿ ಇದ್ದರೆ ಸಾಕು!

ಮದುವೆಗೆ ಮುಂಚೆ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದವಳು ನಾನು. ಬೆಂಗಳೂರಿಗೆ ಬಂದ ಮೇಲೆ ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಎಂಟು ವರ್ಷ ಒಂದೇ ಒಂದು ಕಛೇರಿ ಕೇಳಲಿಲ್ಲ. ಯಾರಾದರೂ ವಿಚಾರಿಸಿದರೆ ನೆಪ ಸಿದ್ಧವಾಗಿತ್ತು: ‘ಟಿಕೆಟ್ಟಿಗೆ ದುಡ್ಡೆಲ್ಲಿ? ಮಗೂನ ಯಾರು ನೋಡ್ಕೋತಾರೆ?’

ಒಂದು ರಾಮನವಮಿ ಸಂಜೆ ಸೊಪ್ಪು ತರಲು ಹೋದವಳು, ಬೀದಿ ಕೊನೆಯ ಪೆಂಡಾಲಿನಿಂದ ಬಂದ ಪಿಟೀಲಿನ ದನಿಗೆ ಹಾಗೇ ನಿಂತುಬಿಟ್ಟೆ. ‘ಕೂತ್ಕೊಳ್ಳಮ್ಮ, ಕುರ್ಚಿ ಖಾಲಿ ಇದೆ’ ಎಂದರು ಹಿರಿಯರೊಬ್ಬರು. ಕೈಚೀಲದಲ್ಲಿ ದಂಟಿನ ಸೊಪ್ಪು, ಕಣ್ಣಲ್ಲಿ ನೀರು! ಮುಕ್ಕಾಲು ಗಂಟೆ ಕೂತೆ. ಕೊಟ್ಟ ದುಡ್ಡು ಸೊನ್ನೆ. ಮೇಲೆ ಒಂದು ಲೋಟ ಪಾನಕ, ಒಂದು ದೊನ್ನೆ ಕೋಸಂಬರಿ ಬೇರೆ.

ನಿಮಗೂ ಇಂಥ ಆಸೆ ಒಳಗೊಳಗೇ ಇದೆಯಾ? ಹಾಗಾದರೆ ಕೇಳಿ. ಈ ಊರಲ್ಲಿ ವರ್ಷವಿಡೀ ಪುಕ್ಕಟೆ ಸಂಗೀತ ಸಿಗುತ್ತೆ. ಎಲ್ಲಿ, ಯಾವಾಗ ಅಂತ ಗೊತ್ತಿರಬೇಕು ಅಷ್ಟೇ.

ಹಬ್ಬದ ಜೊತೆ ಹಾಡು

ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಪುಷ್ಯದ ಅಮಾವಾಸ್ಯೆಗೆ ಪುರಂದರದಾಸರದು. ಬಸವನಗುಡಿ, ಮಲ್ಲೇಶ್ವರದಂಥ ಕಡೆ ಪಂಚರತ್ನ ಕೃತಿಗಳ ಗೋಷ್ಠಿಗಾಯನ ಇರುತ್ತದೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂದು ಐದು ರಾಗ. ಕಲಿತದ್ದು ಮರೆತಿದ್ದರೂ ಹಿಂದಿನ ಸಾಲಲ್ಲಿ ಕೂತು ದನಿ ಸೇರಿಸಿ, ಯಾರೂ ಬೈಯೋದಿಲ್ಲ!

ರಾಮನವಮಿ ಬಂತೆಂದರೆ ಬೆಂಗಳೂರಿಗೇ ಸಂಗೀತದ ಜ್ವರ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಶ್ರೀರಾಮಸೇವಾ ಮಂಡಳಿಯ ಉತ್ಸವ 1939ರಲ್ಲಿ ಶುರುವಾದದ್ದು. ದೊಡ್ಡ ಕಲಾವಿದರ ಕಛೇರಿಗೆ ಅಲ್ಲಿ ಟಿಕೆಟ್ ಇರುತ್ತೆ. ಆದರೆ ಬಡಾವಣೆಗಳ ಪುಟ್ಟ ರಾಮೋತ್ಸವಗಳಿಗೆ ಸಾಮಾನ್ಯವಾಗಿ ಬಾಗಿಲೇ ಇರೋದಿಲ್ಲ.

ಜೂನ್ 21 ವಿಶ್ವ ಸಂಗೀತ ದಿನ. 1982ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಹಬ್ಬದ ಮೂಲ ಮಂತ್ರವೇ ‘ಎಲ್ಲರಿಗೂ ಉಚಿತ’. ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನವರು ಇದನ್ನು ಆಚರಿಸುತ್ತಾರೆ. ಗಣೇಶನ ಪೆಂಡಾಲಿನಲ್ಲಿ ಭಾವಗೀತೆ, ನವೆಂಬರಿನ ರಾಜ್ಯೋತ್ಸವದಲ್ಲಿ ಬೀದಿ ಬೀದಿಗೂ ಆರ್ಕೆಸ್ಟ್ರಾ, ಡಿಸೆಂಬರಿನಲ್ಲಿ ಚರ್ಚುಗಳ ಕ್ಯಾರಲ್ ಗಾಯನ... ಲೆಕ್ಕ ಹಾಕಿ ನೋಡಿ!

ಹಬ್ಬವಿಲ್ಲದ ದಿನ?

ಅದಕ್ಕೂ ಜಾಗಗಳಿವೆ. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಿಂದ ಇದೆ. ರೇಸ್‌ಕೋರ್ಸ್ ರಸ್ತೆಯ ಭಾರತೀಯ ವಿದ್ಯಾಭವನ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಪಕ್ಕದ ನಯನ ಸಭಾಂಗಣ ಇವುಗಳ ಮೇಲೂ ಒಂದು ಕಣ್ಣಿಡಿ. ಕಾಲೇಜುಗಳಲ್ಲಿ ಸ್ಪಿಕ್‌ಮೆಕೆಯವರ ಕಾರ್ಯಕ್ರಮವಿದ್ದರೆ ಬಿಡಬೇಡಿ. 1977ರಲ್ಲಿ ಶುರುವಾದ ಈ ಸಂಸ್ಥೆ ದೊಡ್ಡ ದೊಡ್ಡ ವಿದ್ವಾಂಸರನ್ನೇ ಮಕ್ಕಳೆದುರು ಕೂರಿಸುತ್ತದೆ.

ಹುಡುಕೋದು ಕಷ್ಟವಲ್ಲ. ಬೆಳಿಗ್ಗೆ ಪೇಪರ್ ಬಂದಾಗ ನಗರದ ಇಂದಿನ ಕಾರ್ಯಕ್ರಮಗಳ ಪಟ್ಟಿ ನೋಡಿ. ದೇವಸ್ಥಾನಕ್ಕೆ ಹೋದಾಗ ನೋಟಿಸ್ ಬೋರ್ಡಿನ ಮುಂದೆ ಎರಡು ನಿಮಿಷ ನಿಲ್ಲಿ. ಹೊರಡುವ ಮುಂಚೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಎಲ್ಲರಿಗೂ ಪ್ರವೇಶವೋ, ಸದಸ್ಯರಿಗೆ ಮಾತ್ರವೋ? ಪಾಸು ಅಥವಾ ಹೆಸರು ನೋಂದಣಿ ಬೇಕಾ? ಮಕ್ಕಳನ್ನು ಕರ್ಕೊಂಡು ಬರಬಹುದಾ?

ಹೋಗಿ ಬರೋದು ಹೇಗೆ?

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ನಮಗೆ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಗುರುತಿನ ಚೀಟಿ ಪರ್ಸಿನಲ್ಲಿರಲಿ. ಬಸವನಗುಡಿ ಕಡೆಗೆ ನ್ಯಾಷನಲ್ ಕಾಲೇಜು, ಕೋಟೆ ಹೈಸ್ಕೂಲಿಗೆ ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣ ಅನುಕೂಲ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಪಕ್ಕದ ಮನೆಯವರನ್ನು ಕೂಡಿಸಿಕೊಳ್ಳಿ. ವಾಪಸ್ಸಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಮೊದಲೇ ತಿಳಿದುಕೊಳ್ಳಿ.

ಉಚಿತವಾದರೂ ಉದಾಸೀನ ಬೇಡ

ಪುಕ್ಕಟೆ ಅಂತ ಹರಟುತ್ತಾ ಕೂರಬೇಡಿ. ಮೊಬೈಲ್ ಸದ್ದು ನಿಲ್ಲಿಸಿ. ಮಗು ರಚ್ಚೆ ಹಿಡಿಯುವಂಥದ್ದಾದರೆ ಬಾಗಿಲ ಹತ್ತಿರದ ಕುರ್ಚಿ ಹಿಡೀರಿ. ಏಳಲೇಬೇಕಾದರೆ ಹಾಡು ಮುಗಿದ ಮೇಲೆ ಏಳಿ. ತನಿ ಆವರ್ತನ ಶುರುವಾದ ತಕ್ಷಣ ಕಾಫಿಗೆ ಓಡೋದು ಮೃದಂಗದವರಿಗೆ ಮಾಡುವ ಅವಮಾನ. ನಮಗೆ ಉಚಿತವಾದದ್ದಕ್ಕೆ ಇನ್ಯಾರೋ ದುಡ್ಡು ಹಾಕಿರುತ್ತಾರೆ. ಹುಂಡಿ ಇದ್ದರೆ ಕೈಲಾದಷ್ಟು ಹಾಕಿ ಬನ್ನಿ.

ಇನ್ನು ಮನೆಯವರ ಮಾತು. ನಾನು ಆ ದಿನ ತಡವಾಗಿ ಮನೆಗೆ ಬಂದಾಗ ಎದೆ ಡವಡವ. ಹೆದರುತ್ತಲೇ ಅತ್ತೆಗೆ ನಿಜ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ, ‘ಯಾವ ರಾಗ ನುಡಿಸಿದ್ರೇ?’ ಅಂತ ಕೇಳಿದರು! ಅವರಿಗೂ ಆಸೆ ಇತ್ತೆಂದು ಎಂಟು ವರ್ಷ ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಈಗ ತಿಂಗಳಿಗೊಮ್ಮೆ ಇಬ್ಬರೂ ಹೊರಡುತ್ತೇವೆ. ಆ ಸಂಜೆ ಮಗು ಅಪ್ಪನ ಪಾಲಿಗೆ. ಅಡುಗೆ ಏನು ಅಂತೀರಾ? ಮಧ್ಯಾಹ್ನದ ಸಾರನ್ನೇ ಯಜಮಾನರು ಬಿಸಿ ಮಾಡಿಕೊಳ್ಳುತ್ತಾರೆ. ಒಂದು ಹೊತ್ತಿಗೆ ಏನೂ ಕೆಡೋದಿಲ್ಲ ಬಿಡಿ.

ಶ್ರುತಿಪೆಟ್ಟಿಗೆಯೂ ಅಟ್ಟದಿಂದ ಇಳಿದಿದೆ. ನಿಮ್ಮ ಮನೆಯ ಅಟ್ಟದಲ್ಲಿ ಏನಿದೆ, ಒಮ್ಮೆ ನೋಡ್ತೀರಾ?