ಇಂಡಿಕೇಟರಿನ ಅವಸರ

ಹಳೆಯ ಫಿಲಮೆಂಟ್ ಬಲ್ಬನ್ನು ತೆಗೆದು ಎಲ್‌ಇಡಿ ಬಲ್ಬನ್ನು ಕೂರಿಸಿದ ಮೇಲೆ ವಾಹನದ ಇಂಡಿಕೇಟರ್ ಮೊದಲಿನ ಎರಡು ಪಟ್ಟು ವೇಗದಲ್ಲಿ ಮಿಣುಕತೊಡಗುವುದು, ಇಲ್ಲವೇ ಮಿಣುಕುವುದನ್ನೇ ಬಿಟ್ಟು ಒಂದೇ ಸಮನೆ ಉರಿಯುತ್ತ ನಿಲ್ಲುವುದು, ಬೆಂಗಳೂರಿನ ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಗ್ಯಾರೇಜುಗಳಲ್ಲಿ ಹೊಸ ಮಾತೇನಲ್ಲ. ಬಲ್ಬು ಕಳಪೆಯೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವವರುಂಟು. ಆದರೆ ಬಹುಪಾಲು ಪ್ರಸಂಗಗಳಲ್ಲಿ ಬಲ್ಬಿನಲ್ಲಾಗಲಿ ವೈರಿಂಗಿನಲ್ಲಾಗಲಿ ಕೆಟ್ಟಿರುವುದು ಯಾವುದೂ ಇರುವುದಿಲ್ಲ. ವಾಹನವು ತನಗೆ ಕಲಿಸಿದ ಎಚ್ಚರಿಕೆಯನ್ನು ತಪ್ಪದೆ ಕೊಡುತ್ತಿರುತ್ತದೆ, ಅಷ್ಟೆ.

ಮಿಣುಕಿಸುವ ಕೆಲಸ ಬಲ್ಬಿನದಲ್ಲ, ಫ್ಲಾಷರ್ ಎಂದು ಕರೆಯಲಾಗುವ ಪುಟ್ಟ ಡಬ್ಬಿಯದು. ಅನೇಕ ವಾಹನಗಳಲ್ಲಿ ಅದರೊಳಗೆ ಇರುವುದು ರಿಲೇ, ಅಂದರೆ ತಂತಿಯ ಸುರುಳಿಯಲ್ಲಿ ಸ್ವಲ್ಪ ವಿದ್ಯುತ್ತು ಹರಿದಾಗ ಹುಟ್ಟುವ ಅಯಸ್ಕಾಂತದ ಸೆಳೆತದಿಂದ ಇನ್ನೊಂದು ದೊಡ್ಡ ವಿದ್ಯುತ್ಪ್ರವಾಹದ ದಾರಿಯನ್ನು ತೆರೆದು ಮುಚ್ಚುವ ಸ್ವಿಚ್ಚು. 1948ರಲ್ಲಿ ಆರಂಭವಾದ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳೂ ಇದೇ ತತ್ತ್ವದ ರಿಲೇಗಳಿಂದ ತುಂಬಿದ್ದವು. ಹಳೆಯ ಕಾರಿನ ಡ್ಯಾಶ್‌ಬೋರ್ಡಿನಿಂದ ಕೇಳುವ ಟಿಕ್ ಟಿಕ್ ಸದ್ದು ಆ ವಂಶದ್ದೇ.

ಫ್ಲಾಷರಿಗೆ ಬೆಳಕು ಕಾಣದು, ಅದು ಅಳೆಯುವುದು ತನ್ನ ಮೂಲಕ ಹರಿಯುವ ವಿದ್ಯುತ್ತನ್ನು ಮಾತ್ರ. ಕಾರಿನ ಒಂದು ಬದಿಯಲ್ಲಿ ಹಿಂದೊಂದು ಮುಂದೊಂದು 21 ವಾಟ್‌ನ ಬಲ್ಬುಗಳಿದ್ದರೆ 12 ವೋಲ್ಟ್‌ನ ಬ್ಯಾಟರಿಯಿಂದ ಸುಮಾರು ಮೂರೂವರೆ ಆಂಪಿಯರ್ ಹರಿಯುತ್ತದೆ. ಒಂದು ಬಲ್ಬು ಸುಟ್ಟುಹೋದರೆ ಅದು ಅರ್ಧಕ್ಕಿಳಿಯುತ್ತದೆ. ಹಿಂದಿನ ಬಲ್ಬು ಹೋದದ್ದು ಚಾಲಕನ ಕಣ್ಣಿಗೆ ಬೀಳುವಂತಿಲ್ಲವಾದ್ದರಿಂದ, ಪ್ರವಾಹ ಕುಗ್ಗಿದೊಡನೆ ಮಿಣುಕಿನ ವೇಗವನ್ನು ದುಪ್ಪಟ್ಟು ಮಾಡಿ ಅವನನ್ನು ಎಚ್ಚರಿಸುವ ಉಪಾಯವನ್ನು ಫ್ಲಾಷರಿನಲ್ಲಿ ಅಳವಡಿಸಲಾಗಿದೆ. ಎರಡು ಮೂರು ವಾಟ್ ಮಾತ್ರ ಬೇಡುವ ಎಲ್‌ಇಡಿ ಬಲ್ಬುಗಳು ಬಂದು ಕುಳಿತಾಗ ಒಟ್ಟು ಪ್ರವಾಹ ಅರ್ಧ ಆಂಪಿಯರಿನ ಆಸುಪಾಸಿಗೆ ಬಂದು, ಆ ಮಿತವ್ಯಯವೇ ಫ್ಲಾಷರಿನ ಲೆಕ್ಕದಲ್ಲಿ ಬಲ್ಬಿನ ಸಾವಾಗುತ್ತದೆ. ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಕಾದು ಬಾಗುವುದರಿಂದ ನಡೆಯುವ ಇನ್ನೂ ಹಳೆಯ ಬಗೆಯ ಫ್ಲಾಷರಿನಲ್ಲಿ, ಪಟ್ಟಿ ಕಾಯಲು ಬೇಕಾದಷ್ಟು ಪ್ರವಾಹವೇ ಇಲ್ಲದೆ ದೀಪ ಉರಿದಂತೆಯೇ ಇದ್ದುಬಿಡುವುದುಂಟು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ನ್ನು ಮೀರದಂತೆ ಮಿಣುಕಬೇಕೆಂದು ವಿಧಿಸುತ್ತವೆ. ಗಡಿಯಾರ ಹಿಡಿದು 15 ಸೆಕೆಂಡು ಎಣಿಸಿದಾಗ 15ರಿಂದ 30 ಬಂದರೆ ಸರಿ. ದೋಷ ಎಲ್ಲಿಯದೆಂದು ತಿಳಿಯಲು ಸುಲಭವಾದ ದಾರಿ, ವೇಗ ಹೆಚ್ಚಿರುವ ಬದಿಯಲ್ಲಿ ಹಳೆಯ ಬಲ್ಬುಗಳನ್ನೇ ಮತ್ತೆ ಹಾಕಿ ನೋಡುವುದು: ವೇಗ ಸರಿಹೋದರೆ ಕಾರಣ ಕಡಿಮೆ ಪ್ರವಾಹವೇ; ಸರಿಹೋಗದಿದ್ದರೆ ಮಳೆನೀರಿಗೆ ಹಸಿರು ಕಿಲುಬು ಹಿಡಿದ ಹೋಲ್ಡರನ್ನು, ತುಕ್ಕು ತಿಂದ ಅರ್ಥ್ ವೈರನ್ನು ಹುಡುಕಬೇಕು. ಎಲ್‌ಇಡಿಗೆ ಪ್ಲಸ್ ಮೈನಸ್ ಎಂಬ ದಿಕ್ಕು ಇರುವುದರಿಂದ, ಬಯೊನೆಟ್ ಗುಂಡಿಗಳಿಲ್ಲದ ಚಪ್ಪಟೆ ಬುಡದ ಬಲ್ಬು ಉರಿಯದಿದ್ದರೆ ಅದನ್ನು ತಿರುಗಿಸಿ ಹಾಕಿದರೆ ಸಾಕಾಗುವುದೂ ಉಂಟು.

ಪರಿಹಾರವಾಗಿ ಅಂಗಡಿಗಳಲ್ಲಿ ಮೊದಲು ಕೈಗೆ ಬರುವುದು ಲೋಡ್ ರೆಸಿಸ್ಟರ್, ಅಂದರೆ ಪ್ರವಾಹವನ್ನು ಬರಿದೆ ಬಿಸಿಯಾಗಿ ಕಳೆಯುತ್ತ ಹಳೆಯ ಬಲ್ಬಿನ ಹಸಿವನ್ನು ನಟಿಸುವ ಬಂಗಾರ ಬಣ್ಣದ ತುಂಡು. ಕಾರಿಗೆ ಬಳಸುವ 6 ಓಮ್‌ನ ರೆಸಿಸ್ಟರ್ 12 ವೋಲ್ಟ್‌ನಲ್ಲಿ 24 ವಾಟ್ ನುಂಗಿ, ಕೈ ಇಡಲಾಗದಷ್ಟು ಕಾಯುವುದರಿಂದ ಅದನ್ನು ಲೋಹದ ಮೈಗೆ ಸ್ಕ್ರೂ ಹಾಕಿ ಕೂರಿಸಬೇಕೇ ಹೊರತು ಪ್ಲಾಸ್ಟಿಕ್ ಬಂಪರಿಗೆ ಟೇಪು ಸುತ್ತಿ ಅಂಟಿಸಬಾರದು. ವಿದ್ಯುತ್ ಉಳಿಸುವ ಬಲ್ಬು ತಂದು, ಉಳಿದದ್ದನ್ನೆಲ್ಲ ಬಿಸಿಮಾಡಿ ಚೆಲ್ಲುವ ಈ ಏರ್ಪಾಟು ತೇಪೆಯೇ ಸರಿ; ಫ್ಲಾಷರನ್ನೇ ಬದಲಿಸಿ, ಪ್ರವಾಹ ಎಷ್ಟೇ ಇರಲಿ ಒಂದೇ ವೇಗದಲ್ಲಿ ಮಿಣುಕುವ ಎಲ್‌ಇಡಿ ಫ್ಲಾಷರ್ ಹಾಕುವುದು ಮೇಲು. ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಬಿಚ್ಚಿದ ವಾಹನಗಳಿಂದ ಸಿಗುವ ಫ್ಲಾಷರ್ ಅಗ್ಗವಾದರೂ, ಡಬ್ಬಿಯ ಮೇಲೆ 10 ವಾಟ್ ಅಥವಾ 21 ವಾಟ್ ಎಂದು ಒತ್ತಿದ್ದರೆ ಅದು ಹಳೆಯ ಬಲ್ಬಿನ ಜೋಡಿಯೆಂದೇ ತಿಳಿಯಬೇಕು. ಇತ್ತೀಚಿನ ಹಲವು ಕಾರುಗಳಲ್ಲಿ ಬಿಚ್ಚುವಂಥ ಫ್ಲಾಷರೇ ಇಲ್ಲದೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಗಣಕವೇ ಈ ಕೆಲಸ ಮಾಡುವುದರಿಂದ, ಅಲ್ಲಿ ರೆಸಿಸ್ಟರ್ ಅಥವಾ ಅದಕ್ಕೆಂದೇ ಮಾಡಿದ ಬಲ್ಬು ಅನಿವಾರ್ಯವಾಗಬಹುದು.

ಬೈಕುಗಳದು ಬೇರೆಯೇ ಕಥೆ. ಎಡಬಲ ಎರಡಕ್ಕೂ ಮೀಟರಿನಲ್ಲಿ ಒಂದೇ ಪುಟ್ಟ ದೀಪವಿರುವ ಬೈಕಿನಲ್ಲಿ ಆ ದೀಪವನ್ನು ಎಡ ಮತ್ತು ಬಲದ ವೈರುಗಳ ನಡುವೆ ಸೇರಿಸಿರುತ್ತಾರೆ. ಎಡಕ್ಕೆ ಸ್ವಿಚ್ ಹಾಕಿದಾಗ ವಿದ್ಯುತ್ತು ಮೀಟರಿನ ದೀಪವನ್ನು ದಾಟಿ, ಬಲಗಡೆಯ ಬಲ್ಬುಗಳ ಮೂಲಕ ಅರ್ಥ್ ಸೇರುತ್ತದೆ. ಆ ಅಲ್ಪ ಪ್ರವಾಹ ಹಳೆಯ ಫಿಲಮೆಂಟನ್ನು ಬೆಳಗಿಸಲು ಸಾಲದು, ಎಲ್‌ಇಡಿಗೆ ಧಾರಾಳವಾಗಿ ಸಾಕು. ಆದ್ದರಿಂದ ಯಾವ ಕಡೆಗೆ ಹಾಕಿದರೂ ನಾಲ್ಕೂ ಮಿಣುಕುತ್ತವೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಎಂಬ ಬಿಡಿಭಾಗಗಳನ್ನು, ಉದಾಹರಣೆಗೆ 1ಎನ್4007 ಎಂಬ ಸಾಮಾನ್ಯ ಬಗೆಯವನ್ನು, ಎಡಕ್ಕೊಂದು ಬಲಕ್ಕೊಂದರಂತೆ ಸೇರಿಸಿ, ಎರಡರ ಬೆಳ್ಳಿಪಟ್ಟಿಯ ತುದಿಗಳನ್ನು ಒಟ್ಟುಗೂಡಿಸಿ ಮೀಟರಿನ ದೀಪದ ಒಂದು ಕಾಲಿಗೆ ಕೊಟ್ಟು, ಇನ್ನೊಂದು ಕಾಲನ್ನು ಅರ್ಥ್ ಮಾಡಿದರೆ ಈ ಕಾಟ ತಪ್ಪುತ್ತದೆ.

ಹಳೆ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ, ಕೋಲಾರಗಳ ಕಡೆಗೆ ಸಾಗುವ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟ್‌ನ ಏರ್ಪಾಟು. ಅವಕ್ಕೆ 12 ವೋಲ್ಟ್‌ನ ಬಲ್ಬು ಹಾಕಿದರೆ ಸುಡುವುದು ಖಂಡಿತ. ಬಣ್ಣದ ವಿಷಯದಲ್ಲಿ ನಿಯಮ ಬಯಸುವುದು ಕಿತ್ತಳೆ ಛಾಯೆಯ ಹಳದಿಯನ್ನು. ಕಿತ್ತಳೆ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಅದರ ಬೆಳಕಿನ ಬಹುಭಾಗವನ್ನು ಗಾಜೇ ತಡೆದು ಇಂಡಿಕೇಟರ್ ಮಂಕಾಗುತ್ತದೆ. ಟಿನ್ ಫ್ಯಾಕ್ಟರಿಯ ಬಳಿ ವರ್ತುಲ ರಸ್ತೆಯ ವಾಹನಗಳು ಬಂದು ಕೂಡುವಲ್ಲಿ, ನಡುಹಗಲಿನ ಬಿಸಿಲಿನಲ್ಲಿ, ಹಿಂದಿನವನಿಗೆ ಕಾಣದ ಇಂಡಿಕೇಟರ್ ಇದ್ದೂ ಇಲ್ಲದಂತೆ.

ಎಲ್‌ಇಡಿ ಫ್ಲಾಷರಿಗೂ ಒಂದು ಕೊರತೆಯುಂಟು: ಬಲ್ಬು ಹೋದರೂ ಅದು ಅವಸರಪಡುವುದಿಲ್ಲ, ಎಂದಿನಂತೆಯೇ ಟಿಕ್ ಟಿಕ್ ಎನ್ನುತ್ತಿರುತ್ತದೆ. ಇನ್ನು ಆ ಪರೀಕ್ಷೆ ಚಾಲಕನದೇ. ಮುಂಬದಿಯ ಬಲ್ಬಿನ ಮಟ್ಟಿಗೆ ಅದಕ್ಕೆ ಹಲಸೂರಿನ ಸಿಗ್ನಲ್ಲಿನಲ್ಲಿ ರಾತ್ರಿ ಸಾಲುಗಟ್ಟಿ ನಿಲ್ಲುವ ಹೊತ್ತು ಸಾಕು. ಮುಂದಿನ ಆಟೋದ ಬೆನ್ನಿನ ಮೇಲೆ ತನ್ನ ವಾಹನದ ಕಿತ್ತಳೆ ಬೆಳಕು ಬಿದ್ದು ಆರುತ್ತಿದೆಯೇ ಎಂದು ಕಣ್ಣು ಹಾಯಿಸಿದರಾಯಿತು.