ಹಳೇ ಸ್ಕ್ರಿಪ್ಟ್, ಹೊಸ ವಿಂಡೋಸ್

ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7ರ ಕಾಲದಿಂದ ಬಳಸಿಕೊಂಡು ಬಂದ, ರಿಜಿಸ್ಟ್ರಿ ತಿದ್ದುವ ಚಿಕ್ಕಪುಟ್ಟ ಸ್ಕ್ರಿಪ್ಟ್‌ಗಳನ್ನು ಅನೇಕ ಕಚೇರಿಗಳವರು ಈಗ ವಿಂಡೋಸ್ 11ಕ್ಕೆ ಒಗ್ಗಿಸಬೇಕಾಗಿದೆ. ಎರರ್ ತೋರಿಸಿ ನಿಂತುಬಿಡುವ ಸ್ಕ್ರಿಪ್ಟ್ ಅಷ್ಟೇನೂ ಕಾಡುವುದಿಲ್ಲ. ಕೆಲಸ ಆಯಿತೆಂದು ಹೇಳಿ, ಬೇರೆಲ್ಲೋ ಬರೆದು ಬರುವುದೇ ನಿಜವಾದ ತಲೆನೋವು.

ಬೇರೆಲ್ಲೋ ಅಂದರೆ ಎಲ್ಲಿ? ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಆದರೆ ಹಳೆಯ 32 ಬಿಟ್ ಪ್ರೋಗ್ರಾಂಗಳು ಅದರಲ್ಲೂ ಓಡುತ್ತವೆ. ಅಂಥದ್ದರ ಮೂಲಕ ನಡೆಯುವ ಸ್ಕ್ರಿಪ್ಟ್, ‘ಲೋಕಲ್ ಮಷೀನ್’ ಅಡಿಯ ‘ಸಾಫ್ಟ್‌ವೇರ್’ ಶಾಖೆಗೆ ಏನಾದರೂ ಬರೆದರೆ, ವಿಂಡೋಸ್ ಸಾಮಾನ್ಯವಾಗಿ ಅದನ್ನು ಸದ್ದಿಲ್ಲದೆ ‘ವಾವ್6432ನೋಡ್’ ಎಂಬ ಒಳಶಾಖೆಗೆ ತಿರುಗಿಸುತ್ತದೆ. 64 ಬಿಟ್ ಪ್ರೋಗ್ರಾಂ ಹುಡುಕುವುದು ಮೂಲ ಜಾಗದಲ್ಲಿ. ಅಲ್ಲಿ ಏನೂ ಇರುವುದಿಲ್ಲ. ಅದೇ ಸ್ಕ್ರಿಪ್ಟ್‌ನಿಂದ ಮತ್ತೆ ಓದಿಸಿ ನೋಡಿದರೂ ಪ್ರಯೋಜನವಿಲ್ಲ, ಓದುವಾಗಲೂ ಅದು ತಿರುಗಿಸಿದ ಜಾಗಕ್ಕೇ ಹೋಗುತ್ತದೆ. ರಿಜಿಸ್ಟ್ರಿ ಎಡಿಟರ್ ತೆರೆದು ಕಣ್ಣಾರೆ ನೋಡುವುದೇ ಸರಿ. ‘ರೆಗ್’ ಕಮಾಂಡ್ ಬಳಸುವವರು ಅದರ 64 ಬಿಟ್ ಸ್ವಿಚ್ ಸೇರಿಸಿದರೆ ಸಾಕು.

ಇನ್ನೊಂದು ಗೊಂದಲ ‘ಕರೆಂಟ್ ಯೂಸರ್’ ಶಾಖೆಯದು. ಸಿಬ್ಬಂದಿಯ ಕಂಪ್ಯೂಟರಿನಲ್ಲಿ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೊಟ್ಟು ಸ್ಕ್ರಿಪ್ಟ್ ಓಡಿಸಿದರೆ, ಆ ಹೊತ್ತಿಗೆ ಯೂಸರ್ ಎಂದರೆ ಅಡ್ಮಿನ್ನೇ. ಬದಲಾವಣೆಯೆಲ್ಲ ಅವರ ಖಾತೆಗೆ ಹೋಗುತ್ತದೆ, ಸಿಬ್ಬಂದಿಯ ಡೆಸ್ಕ್‌ಟಾಪ್ ಇದ್ದ ಹಾಗೇ ಇರುತ್ತದೆ. ಹಾಗಾಗಿ ಸ್ಕ್ರಿಪ್ಟನ್ನು ಎರಡಾಗಿ ಒಡೆಯಿರಿ: ಇಡೀ ಯಂತ್ರದ ಸೆಟ್ಟಿಂಗ್ ಅಡ್ಮಿನ್ ಹೆಸರಿನಲ್ಲಿ, ಬಳಕೆದಾರರದ್ದು ಅವರು ಲಾಗಿನ್ ಆದಾಗ.

ಆವೃತ್ತಿ ಪರೀಕ್ಷಿಸುವ ಸಾಲುಗಳನ್ನೂ ನಂಬಬೇಡಿ. ವಿಂಡೋಸ್ 11ರ ರಿಜಿಸ್ಟ್ರಿಯಲ್ಲಿ ಉತ್ಪನ್ನದ ಹೆಸರು ಈಗಲೂ ‘ವಿಂಡೋಸ್ 10’ ಎಂದೇ ಇದೆ! ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು 11. ಸಂಖ್ಯೆಯನ್ನು ಪಠ್ಯವಾಗಿ ಹೋಲಿಸುವ ಸ್ಕ್ರಿಪ್ಟ್‌ಗಳಿಗೆ ‘10’ ಎನ್ನುವುದು ‘6’ಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಅದನ್ನೂ ತಿದ್ದಿ.

ಕೆಲವು ಸೆಟ್ಟಿಂಗ್‌ಗಳ ತಂಟೆಗೆ ಹೋಗದಿರುವುದೇ ಒಳ್ಳೆಯದು. ಡೀಫಾಲ್ಟ್ ಬ್ರೌಸರ್ ಆಯ್ಕೆಗೆ ವಿಂಡೋಸ್ 8ರಿಂದಲೇ ಹ್ಯಾಶ್ ಕಾವಲಿದೆ. ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದ್ದರೆ ಡಿಫೆಂಡರ್‌ನ ಮುಖ್ಯ ರಕ್ಷಣೆಗಳನ್ನು ರಿಜಿಸ್ಟ್ರಿಯಿಂದ ಆಫ್ ಮಾಡಲಾಗದು. ಇವನ್ನು ವಂಚಿಸುವ ಉಪಾಯಗಳು ಮುಂದಿನ ಅಪ್‌ಡೇಟ್‌ಗೆ ಕೆಟ್ಟುಹೋಗಬಹುದು. ಗ್ರೂಪ್ ಪಾಲಿಸಿಯಂಥ ನೇರ ದಾರಿ ಇರುವಲ್ಲಿ ಅದನ್ನೇ ಹಿಡಿಯಿರಿ.

ಸ್ಕ್ರಿಪ್ಟ್ ವಿಬಿಸ್ಕ್ರಿಪ್ಟ್‌ನಲ್ಲಿದ್ದರೆ ತೇಪೆ ಹಾಕುವ ಬದಲು ಪವರ್‌ಶೆಲ್‌ನಲ್ಲಿ ಹೊಸದಾಗಿ ಬರೆಯಿರಿ. ವಿಬಿಸ್ಕ್ರಿಪ್ಟನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ.

ಓಡಿಸುವ ಮೊದಲು ತಿದ್ದಲಿರುವ ಶಾಖೆಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ವಿಂಡೋಸ್ ತಾನಾಗಿಯೇ ಇಡೀ ರಿಜಿಸ್ಟ್ರಿಯ ಪ್ರತಿ ತೆಗೆದಿಡುತ್ತಿದ್ದ ವ್ಯವಸ್ಥೆ, ವಿಂಡೋಸ್ 10ರ 1803 ಆವೃತ್ತಿಯಿಂದೀಚೆಗೆ ಡೀಫಾಲ್ಟ್ ಆಗಿ ಆಫ್ ಇರುತ್ತದೆ.